ಶನಿವಾರದ ಅಂಕಣ, ಭಾನುವಾರದ ಅವರೆ

ಖೋ ಖೋ ನೋಡುವವರ ಕಣ್ಣು ಸಾಮಾನ್ಯವಾಗಿ ಓಡುವವರ ಹಿಂದೆಯೇ ಓಡುತ್ತದೆ. ನನಗೆ ಕೂತವರನ್ನು ನೋಡುವುದು ಇಷ್ಟ. ಎರಡು ಕಂಬಗಳ ನಡುವೆ ಒಂದೇ ಸಾಲಿನಲ್ಲಿ ಎಂಟು ಮಂದಿ; ಒಬ್ಬಳು ಈ ಕಡೆ ಮುಖ ಮಾಡಿದ್ದರೆ ಪಕ್ಕದವಳು ಆ ಕಡೆ. ಕೂತಿದ್ದಾರೆ ಅನ್ನುವುದೂ ಪೂರ್ತಿ ನಿಜವಲ್ಲ. ಹಿಮ್ಮಡಿ ನೆಲ ಬಿಟ್ಟಿರುತ್ತದೆ, ಮೈಭಾರವೆಲ್ಲ ಕಾಲ್ಬೆರಳುಗಳ ಮೇಲಿರುತ್ತದೆ, ಕೈಬೆರಳ ತುದಿ ಮಣ್ಣಿಗೆ ತಾಗಿರುತ್ತದೆ. ಕತ್ತು ಮಾತ್ರ ಆಟದ ಜೊತೆ ಮೆಲ್ಲಗೆ ಹೊರಳುತ್ತಿರುತ್ತದೆ. ಬೆನ್ನಿಗೆ ಅಂಗೈ ತಾಗಿ 'ಖೋ' ಅಂತ ಕೇಳಿಸಿತೋ, ಆ ಮೈ ಅಲ್ಲಿರುವುದಿಲ್ಲ. ಎಬ್ಬಿಸಿದವಳು ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿ ಕೂತಾಗಿರುತ್ತದೆ. ಏಳುವವಳ ಸೊಂಟ ಇನ್ನೂ ಪೂರ್ತಿ ನೆಟ್ಟಗಾಗಿರುವುದಿಲ್ಲ, ಆಗಲೇ ಇನ್ನೊಬ್ಬಳ ಮಂಡಿ ಮಡಿಚಿರುತ್ತದೆ. ಈ ಅದಲುಬದಲು ಚೆನ್ನಾಗಿ ಆದಾಗ ಸಾಲು ಎಲ್ಲೂ ಮುರಿದಂತೆ ಕಾಣುವುದಿಲ್ಲ. ಅದನ್ನು ನೋಡುವ ಸುಖಕ್ಕೆ ನಾನು ಎಷ್ಟು ಬಿಸಿಲಲ್ಲಾದರೂ ನಿಲ್ಲಬಲ್ಲೆ.

ಈ ಆಟದ ಕಟ್ಟಳೆಗಳು ಬೆನ್ನಟ್ಟುವವರ ಮೇಲೆ ಬಹಳ ಕಠಿಣ. ಎದ್ದವಳು ಒಮ್ಮೆ ಒಂದು ದಿಕ್ಕಿಗೆ ಹೆಜ್ಜೆ ಇಟ್ಟರೆ ಕಂಬ ದಾಟುವವರೆಗೆ ಹಿಂದಕ್ಕೆ ತಿರುಗುವಂತಿಲ್ಲ. ಸಾಲನ್ನು ಸೀಳಿ ಆಚೆ ಬದಿಗೆ ನುಗ್ಗುವಂತಿಲ್ಲ. ಓಡುವವರಿಗೆ ಇಂಥ ಕಟ್ಟು ಯಾವುದೂ ಇಲ್ಲ. ಕೂತವರ ನಡುವೆ ಎಲ್ಲಿಂದ ಬೇಕಾದರೂ ತೂರಬಹುದು, ಎತ್ತ ಬೇಕಾದರೂ ತಿರುಗಬಹುದು. ಒಂದು ಸಲಕ್ಕೆ ಮೂವರು ಅಂಕಣಕ್ಕೆ ಇಳಿಯುತ್ತಾರೆ. ಅವರು ಔಟಾದರೆ ಮತ್ತೆ ಮೂವರು. ಹಳೆಯ ಪದ್ಧತಿಯ ಪಂದ್ಯದಲ್ಲಿ ಒಂದು ಸರದಿ 9 ನಿಮಿಷ. ಬೆನ್ನಟ್ಟುವ ತಂಡಕ್ಕೆ ಇಷ್ಟೆಲ್ಲ ಕಟ್ಟು ಹಾಕಿ, ಬದಲಿಗೆ ಕೊಟ್ಟಿರುವುದು ಒಂದೇ ಒಂದು ಸೌಕರ್ಯ: ತಾನು ತಿರುಗಲಾಗದ ಕಡೆಗೆ ಇನ್ನೊಬ್ಬಳನ್ನು ಎಬ್ಬಿಸಬಹುದು. ಆಟದ ಚೆಲುವೆಲ್ಲ ಇದರಿಂದಲೇ ಹುಟ್ಟುತ್ತದೆ.

ಓಡುವವರಲ್ಲಿ ನುರಿತವಳು ವೇಗವಾಗಿ ಓಡುವುದಿಲ್ಲ. ಕೂತವರ ನಡುವೆ ಒಂದು ಈ ಕಡೆ ಒಂದು ಆ ಕಡೆ ನುಸುಳುತ್ತ ಹೋಗುತ್ತಾಳೆ. ಆಟಗಾರರು ಅದನ್ನು ಸಿಂಗಲ್ ಚೈನ್ ಅನ್ನುತ್ತಾರೆ. ಹೆಜ್ಜೆ ಸಣ್ಣದು, ಭುಜ ಕೊಂಚ ಬಾಗಿದ್ದು, ಮುಖದಲ್ಲಿ ಅವಸರವಿಲ್ಲ. ಬೆನ್ನಟ್ಟುವವಳಿಗೂ ಅವಳಿಗೂ ನಡುವೆ ಒಂದೂವರೆ ಕೈ ಅಂತರ. ಆ ಅಂತರ ಹೆಚ್ಚೂ ಆಗದಂತೆ, ಕಡಿಮೆಯೂ ಆಗದಂತೆ ನೋಡಿಕೊಳ್ಳುತ್ತಾಳೆ. ಯಾಕೆಂದರೆ ಹೆಚ್ಚಾದರೆ ಎದುರಿನವಳು ಇವಳನ್ನು ಬಿಟ್ಟು ಇನ್ನೊಬ್ಬ ಗೆಳತಿಯ ಮೇಲೆ ಬೀಳುತ್ತಾಳೆ. ತನ್ನ ಹಿಂದೆಯೇ ಇಟ್ಟುಕೊಂಡು, ಸಿಕ್ಕುವಷ್ಟು ಹತ್ತಿರವಿದ್ದೂ ಸಿಕ್ಕದೆ, ಸರದಿಯ ನಿಮಿಷಗಳನ್ನು ಕರಗಿಸುವುದು ಅವಳ ಕಲೆ. ಇನ್ನು ಕಂಬದ ಬಳಿ ಆಗುವ ಡೈವ್. ಒಂದು ಕೈ ಕಂಬವನ್ನು ಅಪ್ಪಿ ಹಿಡಿದಿದೆ, ಇಡೀ ಮೈ ನೆಲಕ್ಕೆ ಸಮನಾಗಿ ಚಾಚಿದೆ, ಇನ್ನೊಂದು ಕೈಯ ನಡುಬೆರಳು ಓಡುತ್ತಿರುವವಳ ಹಿಮ್ಮಡಿಯನ್ನು ಹುಡುಕುತ್ತಿದೆ. ತಾಗಿತೋ ಇಲ್ಲವೋ ಎಂಬುದು ಅಂಪೈರಿನ ಶಿಳ್ಳೆಯಿಂದ ಗೊತ್ತಾಗಬೇಕು. ಆ ಶಿಳ್ಳೆಗಿಂತ ಮೊದಲಿನ ಅರೆಗಳಿಗೆಯಲ್ಲಿ ಆ ಚಾಚಿದ ಮೈಯ ಗೆರೆ ಎಷ್ಟು ನಿಖರ, ಎಷ್ಟು ನಿರ್ಭಯ! ಮಣ್ಣಿಗೆ ಬಿದ್ದ ಮೇಲೆ ಮೊಣಕೈ ತರಚಿರುತ್ತದೆ; ಅದನ್ನು ಅವರು ನೋಡಿಕೊಳ್ಳುವುದು ಪಂದ್ಯ ಮುಗಿದ ಮೇಲೆಯೇ.

ನಾನು ಹೇಳುತ್ತಿರುವುದು ಮೈಸೂರಿನ ಮಾತು. ವಿಶ್ವವಿದ್ಯಾನಿಲಯದ ಸ್ಪೋರ್ಟ್ಸ್ ಪೆವಿಲಿಯನ್ ಮೈದಾನದಲ್ಲಿ ಚಳಿಗಾಲದ ಶನಿವಾರಗಳಲ್ಲಿ ಒಂದಲ್ಲ ಒಂದು ಅಂತರ ಕಾಲೇಜು ಪಂದ್ಯ ಇರುತ್ತದೆ. ನಂಜನಗೂಡು, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಕಾಲೇಜುಗಳ ತಂಡಗಳು ಬೆಳಗಿನ ಬಸ್ಸಿಗೆ ಬಂದು ಇಳಿಯುತ್ತವೆ. ಈ ಸೀಮೆಗೆ ಖೋ ಖೋ ಹೊಸದಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು, ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದರಲ್ಲ, ಆ ತಂಡದಲ್ಲಿದ್ದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಅಂದಿನಿಂದ ಈ ಸುತ್ತಿನ ಹುಡುಗಿಯರು ಕಂಬದ ಬಳಿ ಇನ್ನೂ ಒಂದು ಗೇಣು ಹೆಚ್ಚು ಚಾಚುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತದೆ.

ನನ್ನ ಅಕ್ಕನ ಮಗಳು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಾಳೆ, ಖೋ ಖೋ ಆಡುತ್ತಾಳೆ. ನಾನೂ ಅಲ್ಲೇ ಓದಿದವಳು. 1916ರಲ್ಲಿ, ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ, ಮೈಸೂರು ಸಂಸ್ಥಾನದಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯ ಇದು. ಊರ ಪಡುವಣಕ್ಕೆ ಕುಕ್ಕರಹಳ್ಳಿ ಕೆರೆಯ ದಂಡೆಯಾಚೆ ಅದರ ಸ್ನಾತಕೋತ್ತರ ನೆಲೆಯನ್ನು ಕಟ್ಟಿ, ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಕುವೆಂಪು. ಓದುವವರು ಮಾತ್ರ ಅದನ್ನು ಗಂಗೋತ್ರಿ ಅಂತಲೇ ಕರೆಯುತ್ತಾರೆ. ಶನಿವಾರ ಹುಡುಗಿಯ ಆಟ ನೋಡಿ, ಭಾನುವಾರವನ್ನು ಅವಳ ಗೆಳತಿಯರ ಜೊತೆ ಕಳೆಯುವುದು ನನಗೆ ಈಗ ವರ್ಷದಲ್ಲಿ ಅತ್ಯಂತ ಪ್ರಿಯವಾದ ಸಂಗತಿಗಳಲ್ಲಿ ಒಂದಾಗಿದೆ.

ಅಂಕಣದ ಸುತ್ತ ನೆರೆದ ಗೆಳತಿಯರು ನೋಡುವ ರೀತಿ ನನ್ನನ್ನು ಬಹಳ ಯೋಚಿಸುವಂತೆ ಮಾಡಿದೆ. ನಮ್ಮ ಕಾವ್ಯಮೀಮಾಂಸೆ ಹೇಳುವುದು ಬೇರೆ. ನೋಡುವವನು ತನ್ನ ಸ್ವಂತ ಸುಖದುಃಖದಲ್ಲಿ, ತನ್ನವರು ಪರರು ಎಂಬ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದರೆ ಅವನಿಗೆ ರಸ ದಕ್ಕುವುದಿಲ್ಲ. ಅಭಿನವಗುಪ್ತ ಅದನ್ನು ರಸಕ್ಕೆ ಬರುವ ವಿಘ್ನಗಳಲ್ಲಿ ಸೇರಿಸಿದ್ದಾನೆ. ಇದೇ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಎಂ. ಹಿರಿಯಣ್ಣನವರು ಭಾರತೀಯರ ಕಲಾನುಭವದ ಬಗೆಗೆ ಬರೆದ ಪ್ರಬಂಧಗಳಲ್ಲಿ, ತೀ.ನಂ. ಶ್ರೀಕಂಠಯ್ಯನವರು ತಮ್ಮ 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ ಈ ವಿಚಾರವನ್ನು ನಮ್ಮಂಥವರಿಗೂ ತಿಳಿಯುವಂತೆ ಬಿಡಿಸಿಟ್ಟಿದ್ದಾರೆ. ನಾಟಕ, ಕಾವ್ಯಗಳ ಮಟ್ಟಿಗೆ ನಾನು ಆ ಮಾತನ್ನು ಒಪ್ಪುತ್ತೇನೆ. ಆದರೆ ಕಾಲೇಜಿನ ಮೈದಾನದಲ್ಲಿ ನನಗೆ ಕಂಡದ್ದು ಅದಲ್ಲ.

ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು, ನನ್ನ ಅಕ್ಕನ ಮಗಳ ರೂಮ್‌ಮೇಟ್, ಆಟ ಆಡುವವಳಲ್ಲ. ಗ್ರಂಥಾಲಯದವಳು. ಆಟದ ನಡುವೆ ತಟ್ಟನೆ, "ಈಗ ಎಡಕ್ಕೆ ಹೋಗಲ್ಲ, ನೋಡಿ" ಅಂದಳು. ಹೋಗಲಿಲ್ಲ. ಹೇಗೆ ಗೊತ್ತಾಯಿತು ಅಂತ ಕೇಳಿದೆ. ಹೋದ ತಿಂಗಳು ಎಡಗಾಲಿನ ಹರಡು ಉಳುಕಿತ್ತು, ರಾತ್ರಿ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಓದುತ್ತ ಕೂತಿರುತ್ತಾಳೆ, ಮೆಟ್ಟಿಲು ಇಳಿಯುವಾಗಲೂ ಬಲಗಾಲನ್ನೇ ಮೊದಲು ಇಡುತ್ತಾಳೆ, ಅಂದಳು. ನಾನು ವರ್ಷಗಳಿಂದ ಖೋ ಖೋ ನೋಡಿದವಳು. ನನಗೆ ಕಾಣದೆ ಹೋದ ಆ ಅರೆಹೆಜ್ಜೆಯ ಹಿಂಜರಿಕೆ ಇವಳಿಗೆ ಕಂಡಿತು. ಬಳಿಕ ಸರದಿಯ ಕೊನೆಯಲ್ಲಿ, ಓಡುತ್ತಿದ್ದವಳು ಎಡಕ್ಕೇ ಜಾರಿದಾಗ, ನಮ್ಮ ಹುಡುಗಿ ತಾನು ತಿರುಗಲು ಹೋಗದೆ ಪಕ್ಕದವಳ ಬೆನ್ನು ಮುಟ್ಟಿ ಎಬ್ಬಿಸಿದಳು. ಔಟಾಯಿತು. ರೂಮ್‌ಮೇಟ್ ಚಪ್ಪಾಳೆ ಕೂಡ ತಟ್ಟಲಿಲ್ಲ, ದೀರ್ಘವಾಗಿ ಉಸಿರು ಬಿಟ್ಟಳು. ನೋವನ್ನು ಬಚ್ಚಿಡದೆ, ಅದನ್ನೇ ಒಂದು ಒಳ್ಳೆಯ ಖೋ ಆಗಿ ಬದಲಿಸಿದ್ದು ಇಡೀ ಪಂದ್ಯದ ಅತಿ ಸೊಗಸಾದ ಗಳಿಗೆ. ಅದನ್ನು ಪೂರ್ತಿಯಾಗಿ ಸವಿದವಳು ಅವಳೊಬ್ಬಳೇ, ಅವಳಿಂದಾಗಿ ನಾನು.

ನಮ್ಮವರು ಗೆಲ್ಲಲೇಬೇಕು ಎಂಬ ಹಟ ಕಣ್ಣಿಗೆ ಪರೆ ಕಟ್ಟುವುದು ಉಂಟು. ಎದುರಾಳಿಯ ಒಳ್ಳೆಯ ಡೈವ್‌ಗೆ ಮೌನ, ಅಂಪೈರಿನ ಮೇಲೆ ಕೂಗಾಟ, ಇದನ್ನೂ ನೋಡಿದ್ದೇನೆ. ಆದರೆ ಗೆಲುವಿನ ಹಂಬಲ ಬೇರೆ, ಆಡುವವಳನ್ನು ಅರಿತಿರುವುದು ಬೇರೆ. ಬೆಳಗಿನ ಚಳಿಯಲ್ಲಿ ಅವಳು ಶೂ ದಾರ ಕಟ್ಟುವುದನ್ನು ನೋಡಿದವರಿಗೆ, ಅವಳ ಸೋತ ಸಂಜೆಗಳಲ್ಲಿ ಜೊತೆಗಿದ್ದವರಿಗೆ, ಆಟದ ಒಂದೊಂದು ಚಲನೆಗೂ ಹಿಂದಿನ ಕಥೆ ಗೊತ್ತಿರುತ್ತದೆ. ಆ ತಿಳಿವು ಸವಿಯನ್ನು ಕೆಡಿಸುವುದಿಲ್ಲ, ಅದನ್ನು ಆಳಕ್ಕೆ ಒಯ್ಯುತ್ತದೆ. ಟೀವಿಯಲ್ಲಿ ಜಗತ್ತಿನ ಅತ್ಯುತ್ತಮ ಆಟವನ್ನು ನೋಡುವಾಗಲೂ ನನಗೆ ಈ ಆಳ ಸಿಕ್ಕಿಲ್ಲ.

ದೊಡ್ಡ ಆಟದಲ್ಲೂ ಒಮ್ಮೆ ಸಿಕ್ಕಿತ್ತು ಅನ್ನಬೇಕು. 2010ರ ಜನವರಿಯಲ್ಲಿ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಕರ್ನಾಟಕ ಮತ್ತು ಮುಂಬೈ ನಡುವಿನ ರಣಜಿ ಫೈನಲ್ ನಡೆಯಿತಲ್ಲ, ಆಗ. ಗೆಲ್ಲಲು 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು. ಮೈದಾನದ ಸುತ್ತ ನಿಲ್ಲಲು ಜಾಗವಿರಲಿಲ್ಲ. 331ಕ್ಕೆ ಎಲ್ಲ ಔಟ್, 6 ರನ್ನಿನ ಸೋಲು. ನಮ್ಮ ಪೀಳಿಗೆಯ ಮೈಸೂರಿನವರು ಆ ಸೋಲನ್ನು ಇಂದಿಗೂ ಒಂದೊಂದೇ ಓವರಾಗಿ ನೆನೆಸಿಕೊಳ್ಳುತ್ತೇವೆ. ಗೆದ್ದಿದ್ದರೆ ಇಷ್ಟು ವಿವರವಾಗಿ ನೆನಪಿರುತ್ತಿತ್ತೋ ಇಲ್ಲವೋ.

ಪಂದ್ಯ ಮುಗಿದ ಮೇಲಿನ ಹೊತ್ತೂ ಚೆಂದ. ಗೆದ್ದವರು ಸೋತವರು ಒಂದೇ ನಲ್ಲಿಯ ಮುಂದೆ ಸಾಲು ನಿಂತು ಮೊಣಕಾಲಿನ ಕೆಮ್ಮಣ್ಣು ತೊಳೆಯುತ್ತಾರೆ. ಹುಣಸೂರಿನ ಹುಡುಗಿಯೊಬ್ಬಳು ನಮ್ಮವಳಿಗೆ ಹರಡಿಗೆ ಕ್ರೇಪ್ ಬ್ಯಾಂಡೇಜನ್ನು ಹೇಗೆ ಎಂಟರ ಆಕಾರದಲ್ಲಿ ಸುತ್ತಬೇಕು ಎಂದು ಮಂಡಿಯೂರಿ ಕೂತು ತೋರಿಸಿಕೊಟ್ಟಳು. ಅರ್ಧ ಗಂಟೆಯ ಹಿಂದೆ ಆ ಕಾಲನ್ನೇ ಅವಳು ಬೆನ್ನಟ್ಟಿದ್ದು. ಆಮೇಲೆ ರಸ್ತೆ ಬದಿಯ ಗಾಡಿಯಲ್ಲಿ ಚುರುಮುರಿ. ಕ್ಯಾರೆಟ್ ತುರಿ, ಈರುಳ್ಳಿ, ಕೊತ್ತಂಬರಿ, ಖಾರದ ಪುಡಿ, ಒಂದಿಷ್ಟು ಎಣ್ಣೆ, ನಿಂಬೆಹಣ್ಣು. ಕಲಸಿದ ಕೂಡಲೇ ತಿನ್ನಬೇಕು, ಪುರಿ ಗರಿಗರಿಯಾಗಿರುವಾಗಲೇ. ಬೆವರಿ ಬಂದ ನಾಲಗೆಗೆ ಆ ಉಪ್ಪು ಹುಳಿ ಖಾರ ಎಷ್ಟು ರುಚಿ ಎಂಬುದನ್ನು ಆಡಿದವರೇ ಹೇಳಬೇಕು. ಅವರು ಹೇಳುವುದಿಲ್ಲ, ಇನ್ನೊಂದು ಪೊಟ್ಟಣ ಕೇಳುತ್ತಾರೆ.

ಸಂಜೆ ಕಲಾಮಂದಿರದ ಆವರಣದ ರಂಗಾಯಣದಲ್ಲಿ ನಾಟಕವಿತ್ತು. ಮೈದಾನದಿಂದ ನಡೆದು ಹೋಗುವಷ್ಟೇ ದೂರ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿ ನಿಲ್ಲಿಸಿದ ರಂಗಾಯಣದಿಂದಾಗಿ ಮೈಸೂರಿನ ವಿದ್ಯಾರ್ಥಿಗಳಿಗೆ ವಾರದ ಕೊನೆಯಲ್ಲಿ ನಾಟಕ ನೋಡುವುದು ಸಿನಿಮಾ ನೋಡುವಷ್ಟೇ ಸಹಜವಾಗಿದೆ. ಇದು ಈ ಊರಿನ ಭಾಗ್ಯ. ಭೂಮಿಗೀತದಲ್ಲಿ ಕೂತರೆ ನಟರ ಉಸಿರಾಟ ಕೇಳಿಸುತ್ತದೆ. ನಾಟಕ ಮುಗಿದು ಹೊರಬಂದಾಗ ನಮ್ಮ ಆಟಗಾರ್ತಿಯರ ವಿಮರ್ಶೆ ಶುರುವಾಯಿತು: ಎರಡನೆಯ ದೃಶ್ಯದಲ್ಲಿ ಆ ನಟಿ ತಿರುಗುವುದಕ್ಕೆ ಮೊದಲೇ ಅವಳ ಭುಜ ಸುಳಿವು ಕೊಟ್ಟುಬಿಟ್ಟಿತು, ಹಾಗೆ ಮಾಡಬಾರದಿತ್ತು. ನನಗೆ ಈ ಮಾತು ಬಹಳ ಹಿಡಿಸಿತು. ಮೈಯನ್ನು ದುಡಿಸಿದವರು ಮೈಯನ್ನು ಓದಬಲ್ಲರು.

ಆ ರಾತ್ರಿ ಹಾಸ್ಟೆಲಿನ ಬಾಗಿಲ ಬಳಿಯ ಕಲ್ಲುಬೆಂಚು ತುಂಬಿತ್ತು. ಹೆಣ್ಣುಮಕ್ಕಳ ಹಾಸ್ಟೆಲಿನ ಬೆಂಚು ಒಂದು ಸಣ್ಣ ಸಂತೆ. ಊರಿಂದ ಬಂದ ಅಣ್ಣ ಕೊಟ್ಟುಹೋದ ಕೋಡುಬಳೆ ಡಬ್ಬಿ, ಹಳೆಯ ಸಹಪಾಠಿ ಹಿಂತಿರುಗಿಸಲು ತಂದ ನೋಟ್ಸು, ಬೇರೆ ಕಾಲೇಜಿಗೆ ಸೇರಿದ ಪಿಯುಸಿ ಗೆಳತಿ. ಹೀಗೆ ಗೆಳತಿಯರನ್ನು ನೋಡಲು ಬಂದು ಹೋಗುವುದು ನಾವು ಓದುವಾಗ ಬಸ್ ಚಾರ್ಜಿನ ಲೆಕ್ಕ ಹಾಕಿ ಆಗಬೇಕಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ, ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆದು ಹುಡುಗಿಯರು ಸರ್ಕಾರಿ ಬಸ್ಸಿನಲ್ಲಿ ಮಂಡ್ಯ, ಹಾಸನ, ಕೊಳ್ಳೇಗಾಲಕ್ಕೆ ಭಾನುವಾರ ಹೋಗಿ ಸಂಜೆಗೆ ಬರುತ್ತಾರೆ. ಯೋಜನೆಯ ಬಗ್ಗೆ ಯಾರು ಏನೇ ವಾದ ಮಾಡಲಿ, ಇಪ್ಪತ್ತರ ವಯಸ್ಸಿನ ಹೆಣ್ಣುಮಕ್ಕಳಿಗೆ ಗೆಳತಿಯ ಊರನ್ನು ನೋಡುವ ಸುಖ ಸಿಕ್ಕಿತಲ್ಲ, ಅದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಆ ಬೆಂಚಿನ ಮೇಲೆಯೇ ಭಾನುವಾರದ ಏರ್ಪಾಡಾಯಿತು. ತಂಡದಲ್ಲಿ ನರಸೀಪುರ ತಾಲ್ಲೂಕಿನ ಹಳ್ಳಿಯ ಹುಡುಗಿಯೊಬ್ಬಳಿದ್ದಾಳೆ. "ನೀವೂ ಬನ್ನಿ ಆಂಟಿ, ಅವ್ವ ಅವರೆ ನೆನೆಹಾಕವ್ಳೆ," ಅಂದಳು. ನನ್ನ ಅಕ್ಕನ ಮಗಳು, "ಚಿಕ್ಕಮ್ಮ, ಇಲ್ಲ ಅನ್ನಬೇಡ," ಅಂತ ಕೈ ಹಿಡಿದಳು. ಇಲ್ಲ ಅನ್ನುವ ಯೋಚನೆ ನನಗಿರಲಿಲ್ಲ.

ಭಾನುವಾರ ಬೆಳಕು ಹರಿಯುವಾಗ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಈ ಕೆರೆಯ ಏರಿಯ ಮೇಲೆ ಕುವೆಂಪು ತಿರುಗಾಡುತ್ತಿದ್ದರು ಎಂಬುದನ್ನು ಮೈಸೂರಿನಲ್ಲಿ ಓದಿದ ಯಾರೂ ಮರೆಯುವುದಿಲ್ಲ. ಚಳಿಗಾಲದಲ್ಲಿ ನಡುಗಡ್ಡೆಯ ಮರಗಳ ಮೇಲೆ ಹೆಜ್ಜಾರ್ಲೆಗಳು ತುಂಬಿರುತ್ತವೆ. ಅಷ್ಟು ಭಾರದ ಹಕ್ಕಿ ನೀರಿಗಿಳಿಯುವಾಗ ಕಾಲನ್ನು ಮುಂದಕ್ಕೆ ಚಾಚಿ, ಒಂದಿಷ್ಟು ದೂರ ನೀರ ಮೇಲೆ ಜಾರಿ, ರೆಕ್ಕೆ ಮಡಿಸಿಕೊಳ್ಳುವುದನ್ನು ಹುಡುಗಿಯರು ಮಾತು ನಿಲ್ಲಿಸಿ ನೋಡಿದರು. ಅಲ್ಲಿಂದ ನಜರ್‌ಬಾದಿನ ಮೈಲಾರಿಗೆ. ಮೈಲಾರಿ ದೋಸೆ ಗರಿಗರಿಯಲ್ಲ, ಬಾಳೆಲೆಯ ಮೇಲೆ ಮೆತ್ತಗೆ ಮಡಿಚಿ ಕೂತಿರುತ್ತದೆ, ಮೇಲೆ ಕರಗುತ್ತಿರುವ ಬೆಣ್ಣೆ, ಒಳಗೆ ಸಾಗು, ಬದಿಗೆ ಕಾಯಿಚಟ್ನಿ. ಬೆರಳಿನಿಂದ ಮುರಿಯಬೇಕಾಗಿಯೂ ಇಲ್ಲ. ಬಿಸಿ ಇರುವಾಗ ಮಾತಾಡದೆ ತಿನ್ನುವುದು ಅದಕ್ಕೆ ತೋರಿಸುವ ಮರ್ಯಾದೆ.

ಹಳ್ಳಿಯಲ್ಲಿ ಬಸ್ಸಿಳಿದಾಗ ಕೊಯ್ದ ಗದ್ದೆಯ ಕೂಳೆ ವಾಸನೆ. ಮನೆಯ ಪಡಸಾಲೆಯಲ್ಲಿ ಅಗಲವಾದ ಬೋಗುಣಿಯ ತುಂಬ ಅವರೆಕಾಳು, ರಾತ್ರಿಯೆಲ್ಲ ನೀರಲ್ಲಿ ನೆನೆದು ಉಬ್ಬಿದ್ದವು. ಹಿದುಕಿದ ಬೇಳೆಯ ಸಾರು ಒಬ್ಬರಿಂದ ಆಗುವ ಅಡುಗೆಯಲ್ಲ. ಬಂದ ನೆಂಟರೂ ಕೂತು ಹಿದುಕಬೇಕು. ಕಾಳಿನ ಒಂದು ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ತೊಗಲು ಕೈಯಲ್ಲುಳಿದು, ನುಣುಪಾದ ಹಸಿರು ಬೇಳೆ ಪುಳಕ್ಕನೆ ಪಾತ್ರೆಗೆ ಜಾರುತ್ತದೆ. ಹೆಚ್ಚು ಒತ್ತಿದರೆ ಬೇಳೆ ಹೋಳಾಗುತ್ತದೆ, ಕಡಿಮೆಯಾದರೆ ಬರುವುದೇ ಇಲ್ಲ. ಬೆರಳಿಗೆ ಸೊಗಡು ಹತ್ತುತ್ತದೆ. ಅದು ಮೂರು ಸಲ ಕೈ ತೊಳೆದರೂ ಹೋಗುವುದಿಲ್ಲ, ಹೋಗಲಿ ಅಂತ ಯಾರೂ ಬಯಸುವುದೂ ಇಲ್ಲ. ಒಳಗೆ ಈರುಳ್ಳಿ ಬೆಳ್ಳುಳ್ಳಿ ಹುರಿದು, ಚಕ್ಕೆ ಲವಂಗ ಗಸಗಸೆ ಕಾಯಿತುರಿ ಸೇರಿಸಿ ರುಬ್ಬುವ ಸದ್ದು. ಕೈ ಕೆಲಸ ಮಾಡುತ್ತಿರುವಾಗ ಮಾತಿಗೆ ಎಷ್ಟು ಸಲಿಗೆ ಬರುತ್ತದೆ! ಹಾಸ್ಟೆಲಿನಲ್ಲಿ ಯಾರೂ ಹೇಳದ ಮಾತುಗಳು ಹೊರಬಂದವು: ಒಬ್ಬಳಿಗೆ ಬಿ.ಎಡ್. ಮಾಡಬೇಕೋ ಪಿಎಚ್‌.ಡಿ.ಗೆ ಹೋಗಬೇಕೋ ಎಂಬ ತೊಳಲಾಟ, ಇನ್ನೊಬ್ಬಳ ಮನೆಯಲ್ಲಿ ಮದುವೆಯ ಒತ್ತಾಯ. ಯಾರೂ ಬುದ್ಧಿ ಹೇಳಲಿಲ್ಲ. ಕಾಳು ಹಿದುಕುತ್ತ ಕೇಳಿಸಿಕೊಂಡರು. ಗೆಳೆತನದಲ್ಲಿ ನಾನು ಕಂಡ ಅತ್ಯಂತ ನಯವಾದ ವರ್ತನೆ ಇದು.

ಆಮೇಲೆ ಮಾತು ಶನಿವಾರದ ಪಂದ್ಯಕ್ಕೆ ಹೊರಳಿತು. ತಾಯಿಗೆ ಮಗಳ ಆಟ ಎಂದರೆ ಏನೆಂದು ಗೊತ್ತಿಲ್ಲ. ಒಗೆಯುವಾಗ ಬಟ್ಟೆಯಲ್ಲಿ ಸಿಗುವ ಮಣ್ಣು ಗೊತ್ತು. ಮಗಳು ಗಾರೆ ನೆಲದ ಮೇಲೆ ಎಂಟು ಕಾಳು ಸಾಲಾಗಿಟ್ಟು, ಎರಡು ತುದಿಗೆ ಎರಡು ಒಣಮೆಣಸಿನಕಾಯಿಯನ್ನು ಕಂಬವಾಗಿ ಮಾಡಿ, ಒಂದು ಕಾಳನ್ನು ಓಡಿಸುತ್ತ ಎಲ್ಲ ತೋರಿಸಿದಳು. ಕೊನೆಯ ಸರದಿಯಲ್ಲಿ ಯಾರ ತಪ್ಪಿತ್ತು ಎಂಬುದಕ್ಕೆ ಹುಡುಗಿಯರಲ್ಲಿ ಜೋರು ಚರ್ಚೆ. ಒಬ್ಬಳು ಕಾಳನ್ನು ಒಂದಂಗುಲ ಮುಂದಿಟ್ಟರೆ ಇನ್ನೊಬ್ಬಳು ಅರ್ಧ ಅಂಗುಲ ಹಿಂದಕ್ಕೆಳೆದಳು. ಆ ತಾಯಿ ರುಬ್ಬಿದ ಕೈಯಲ್ಲೇ ಬಂದು ಬಾಗಿ ನೋಡಿ, "ಒಬ್ಬೊಬ್ರು ಒಂದೊಂದು ಕಡೆ ಮುಖ ಮಾಡ್ಕಂಡು ಕುಂತವ್ರೆ. ಹಿಂದ್ಗಡೆ ಏನಾಯ್ತದೆ ಅಂತ ಹೆಂಗ್ ಗೊತ್ತಾದದು?" ಅಂತ ಕೇಳಿದರು. ಒಬ್ಬಳು, "ಗೊತ್ತಾಗಲ್ಲ ಕಣವ್ವ, ನಂಬ್ಕೊಂಡು ಕೂರಬೇಕು," ಅಂದಳು. ಅವರು ತಲೆಯಾಡಿಸಿ ಒಳಗೆ ಹೋದರು.

ಊಟಕ್ಕೆ ಕೂತಾಗ ಬಿಸಿ ಮುದ್ದೆಯ ನಡುವೆ ಗುಳಿ ಮಾಡಿ ಸಾರು ಬಿಟ್ಟರು. ಹಿದುಕಿದ ಬೇಳೆ ನಾಲಗೆಗೆ ತಾಗಿದ ಕೂಡಲೇ ಹಿಟ್ಟಾಗುವುದಿಲ್ಲ, ಹಲ್ಲಿಗೆ ಒಂದಿಷ್ಟೇ ತಡೆ ಕೊಟ್ಟು ಆಮೇಲೆ ಬೆಣ್ಣೆಯಾಗುತ್ತದೆ; ಆ ತಡೆಗಾಗಿಯೇ ಬೆಳಗಿಂದ ಅಷ್ಟು ಕೈಗಳು ದುಡಿದಿದ್ದವು. ಎರಡನೆಯ ಸಲ ಸಾರು ಹಾಕಿಸಿಕೊಳ್ಳದವರು ಯಾರೂ ಇರಲಿಲ್ಲ. ಬಡಿಸುತ್ತಿದ್ದ ಆಕೆ ಮಗಳ ತಟ್ಟೆಯ ಮುಂದೆ ನಿಂತು, ಮುಂದಿನ ಆಟ ಯಾವಾಗ ಅಂತ ಕೇಳಿದರು. ಬರುವ ಶನಿವಾರ, ನಂಜನಗೂಡಿನಲ್ಲಿ.

"ಅಲ್ಲಿಗೆ ಇಲ್ಲಿಂದ್ಲೂ ಬಸ್ಸದೆ," ಅಂದರು ಆಕೆ. "ನಾನೂ ಬತ್ತೀನಿ."